ಮಾರ್ಕ್ ಟ್ವೈನ್ ಬಾಡಿಗೆಗೆ ತಂದ ಬೆಕ್ಕಿನ ಮರಿಗಳು

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೊನಾಡ್‌ನಾಕ್ ಬೆಟ್ಟದ ತಪ್ಪಲಿನಲ್ಲಿ ಡಬ್ಲಿನ್ ಎಂಬ ಚಿಕ್ಕ ಊರಿದೆ. 1906ರ ಬೇಸಿಗೆಯನ್ನು ಕಳೆಯಲೆಂದು ಎಪ್ಪತ್ತು ವರ್ಷದ ಲೇಖಕನೊಬ್ಬ ಅಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದ. ಮನೆಯ ಜೊತೆಗೆ ಆತ ಇನ್ನೂ ಮೂರು ಜೀವಗಳನ್ನು ಬಾಡಿಗೆಗೆ ಪಡೆದ. ಅವು ಬೆಕ್ಕಿನ ಮರಿಗಳು.

ಕೇಳಿದವರು ನಕ್ಕಿದ್ದರೆ ಅಚ್ಚರಿಯಿಲ್ಲ. ಬೆಕ್ಕಿನ ಮರಿಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ ಕಾಲವದು. ಆದರೆ ಆ ಲೇಖಕನ ಲೆಕ್ಕಾಚಾರ ಬೇರೆಯಿತ್ತು. ಮರಿಗಳನ್ನು ತನ್ನವನ್ನಾಗಿ ಮಾಡಿಕೊಂಡರೆ, ಬೇಸಿಗೆ ಮುಗಿದು ನ್ಯೂಯಾರ್ಕಿಗೆ ಹಿಂದಿರುಗುವಾಗ ಅವುಗಳನ್ನು ದಿಕ್ಕಿಲ್ಲದೆ ಬಿಟ್ಟು ಹೋಗಬೇಕಾಗುತ್ತದೆ. ಬಾಡಿಗೆಗೆ ಪಡೆದರೆ ಅವುಗಳಿಗೆ ಮರಳಿ ಹೋಗಲು ಒಂದು ಮನೆ ಇರುತ್ತದೆ. ಆದ್ದರಿಂದ ಮುಂದೆಯೂ ಅವುಗಳ ಪಾಲನೆ ನಡೆಯಲು ಸಾಲುವಷ್ಟು ಹಣವನ್ನು ಆತ ಬಾಡಿಗೆಯ ರೂಪದಲ್ಲಿ ಕೊಟ್ಟ.

ಆ ಲೇಖಕನೇ ಮಾರ್ಕ್ ಟ್ವೈನ್. 'ಟಾಮ್ ಸಾಯರ್' ಮತ್ತು 'ಹಕಲ್‌ಬೆರಿ ಫಿನ್' ಕಾದಂಬರಿಗಳ ಮೂಲಕ ಜಗತ್ತಿನ ಓದುಗರಿಗೆಲ್ಲ ಪರಿಚಿತನಾದ ಈ ಹಾಸ್ಯ ಸಾಹಿತಿಯ ಬದುಕಿನಲ್ಲಿ ಬೆಕ್ಕುಗಳ ಸಂಗತಿ ಕೇವಲ ವಿನೋದದ ಪ್ರಸಂಗವಲ್ಲ. ಮನೆ ಕಟ್ಟಿ, ಕಳೆದುಕೊಂಡು, ಪ್ರೀತಿಪಾತ್ರರನ್ನು ಒಬ್ಬೊಬ್ಬರನ್ನಾಗಿ ಅಗಲಿದ ಮನುಷ್ಯನೊಬ್ಬ, ಪ್ರಾಣಿಯನ್ನು ಪ್ರೀತಿಸುವುದೆಂದರೆ ತಾನು ಹೊರಟು ಹೋಗುವ ದಿನಕ್ಕೂ ಉತ್ತರ ಇಟ್ಟುಕೊಂಡಿರುವುದು ಎಂದು ಕಂಡುಕೊಂಡ ಕಥೆ ಅದರಲ್ಲಿದೆ.

ತಾಯಿಯ ಮನೆಯ ಹತ್ತೊಂಬತ್ತು ಬೆಕ್ಕುಗಳು

ಟ್ವೈನ್‌ನ ನಿಜನಾಮ ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. 1835ರ ನವೆಂಬರ್ 30ರಂದು ಮಿಸೌರಿ ರಾಜ್ಯದ ಫ್ಲಾರಿಡಾ ಎಂಬ ಹಳ್ಳಿಯಲ್ಲಿ ಜನನ. ಅದು ಹ್ಯಾಲಿ ಧೂಮಕೇತು ಆಗಸದಲ್ಲಿ ಕಾಣಿಸಿಕೊಂಡ ವರ್ಷ. 1839ರಲ್ಲಿ ಕುಟುಂಬ ಮಿಸಿಸಿಪಿ ನದಿಯ ದಂಡೆಯ ಹ್ಯಾನಿಬಲ್ ಪಟ್ಟಣಕ್ಕೆ ಬಂದು ನೆಲೆಸಿತು.

ತಾಯಿ ಜೇನ್ ಕ್ಲೆಮೆನ್ಸ್ ಕರುಣಾಮಯಿ. ಬಂಡಿಯ ಕುದುರೆಯನ್ನು ಹೊಡೆಯುತ್ತಿದ್ದ ಗಾಡಿಯವನ ಕೈಯಿಂದ ಚಾಟಿಯನ್ನು ಕಿತ್ತುಕೊಂಡು, ಮತ್ತೆಂದೂ ಹೊಡೆಯುವುದಿಲ್ಲವೆಂದು ಅವನಿಂದ ಮಾತು ಪಡೆದ ಹೆಂಗಸು ಆಕೆ. ಯಾವ ಜೀವಿಯನ್ನೂ ಪಂಜರದಲ್ಲಿಡಲು ಮನೆಯಲ್ಲಿ ಅವಕಾಶವಿರಲಿಲ್ಲ. ಬೀದಿಯ ಬೆಕ್ಕುಗಳಿಗಂತೂ ಆ ಮನೆಯ ಬಾಗಿಲು ಸದಾ ತೆರೆದಿತ್ತು. 1845ರ ಸುಮಾರಿಗೆ ಮನೆಯಲ್ಲಿದ್ದ ಬೆಕ್ಕುಗಳ ಸಂಖ್ಯೆ ಹತ್ತೊಂಬತ್ತು. ಅವುಗಳಲ್ಲಿ ಒಂದಕ್ಕೂ ವಿಶೇಷ ಗುಣವಿರಲಿಲ್ಲ, ನತದೃಷ್ಟವಾಗಿದ್ದುದೊಂದೇ ಅವುಗಳ ಯೋಗ್ಯತೆ, ತಾಯಿಗೆ ಅಷ್ಟೇ ಸಾಕಾಗಿತ್ತು ಎಂಬ ಅರ್ಥದಲ್ಲಿ ಟ್ವೈನ್ ಮುಂದೆ ತನ್ನ ಆತ್ಮಕಥನದಲ್ಲಿ ಆ ದಿನಗಳನ್ನು ನೆನೆದಿದ್ದಾನೆ. ಮನೆಯವರಿಗೆಲ್ಲ ಅವು ಹೊರೆಯಾಗಿದ್ದವು, ಆದರೂ ಉಳಿದುಕೊಂಡವು.

ಈ ಕರುಣೆಗೂ ಒಂದು ಎಲ್ಲೆ ಇತ್ತು. ಬೆಕ್ಕುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ರೂಢಿಯಲ್ಲಿಲ್ಲದ ಕಾಲವದು. ಮರಿಗಳು ಮಿತಿಮೀರಿದಾಗ ಅವುಗಳನ್ನು ನೀರಿನಲ್ಲಿ ಮುಳುಗಿಸುವುದು ಊರೂರಿನ ರೂಢಿ. ಜೇನ್ ಕೂಡ ಅನಿವಾರ್ಯವಾದಾಗ ಅದನ್ನೇ ಮಾಡುತ್ತಿದ್ದಳು. ಆದರೆ ಮರಿಗಳಿಗೆ ಚಳಿಯಾಗದಿರಲೆಂದು ಮೊದಲು ನೀರನ್ನು ಬೆಚ್ಚಗೆ ಮಾಡುತ್ತಿದ್ದಳು. ಟ್ವೈನ್‌ನ ಜೀವನಚರಿತ್ರೆಕಾರ ಆಲ್ಬರ್ಟ್ ಬಿಗೆಲೊ ಪೇನ್ ದಾಖಲಿಸಿದ ಈ ಸಂಗತಿ ಓದುಗರ ಎದೆಯಲ್ಲಿ ಮುಳ್ಳಿನಂತೆ ಉಳಿಯುತ್ತದೆ. ಪ್ರೀತಿ ಎಷ್ಟೇ ಇದ್ದರೂ, ಹುಟ್ಟಿದ ಪ್ರತಿ ಮರಿಗೂ ಒಂದು ಮನೆ ಹುಡುಕುವ ವ್ಯವಸ್ಥೆ ಇಲ್ಲದಿದ್ದರೆ ಆ ಪ್ರೀತಿ ಬಿಸಿನೀರಿನ ಪಾತ್ರೆಯ ಬಳಿಗೇ ಬಂದು ನಿಲ್ಲುತ್ತಿತ್ತು.

1847ರಲ್ಲಿ ತಂದೆ ತೀರಿಕೊಂಡ ಮೇಲೆ ಬಾಲಕ ಸ್ಯಾಮ್ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದ. ಅಲ್ಲಿಂದ ಮುಂದೆ ಆತನದು ಅಲೆದಾಟದ ಬದುಕು. 1859ರಲ್ಲಿ ಮಿಸಿಸಿಪಿ ನದಿಯಲ್ಲಿ ಉಗಿಹಡಗು ನಡೆಸುವ ಪರವಾನಗಿ ಪಡೆದ. ಅದಕ್ಕೆ ಒಂದು ವರ್ಷ ಮೊದಲು ಇಂಥದೇ ಹಡಗೊಂದು ಸಿಡಿದು ತಮ್ಮ ಹೆನ್ರಿ ಅಸುನೀಗಿದ್ದ. ಅಂತರ್ಯುದ್ಧ ಆರಂಭವಾದ 1861ರಲ್ಲಿ ಸ್ಯಾಮ್ ನೆವಾಡಕ್ಕೆ ಹೋದ. ಬೆಳ್ಳಿಯ ಗಣಿಯಲ್ಲಿ ಅದೃಷ್ಟ ಒಲಿಯದೆ ಪತ್ರಕರ್ತನಾದ. 1863ರಲ್ಲಿ ಮಾರ್ಕ್ ಟ್ವೈನ್ ಎಂಬ ಕಾವ್ಯನಾಮ ಧರಿಸಿದ. ಪ್ರವಾಸ ಕಥನ 'ದಿ ಇನೊಸೆಂಟ್ಸ್ ಅಬ್ರಾಡ್' 1869ರಲ್ಲಿ ಪ್ರಕಟವಾಗುವ ಹೊತ್ತಿಗೆ ದೇಶದೆಲ್ಲೆಡೆ ಹೆಸರುವಾಸಿಯಾಗಿದ್ದ.

ನಾಲಗೆ ತಿರುಗದ ಹೆಸರುಗಳು

1870ರ ಫೆಬ್ರುವರಿಯಲ್ಲಿ ಒಲಿವಿಯಾ ಲ್ಯಾಂಗ್‌ಡನ್ ಜೊತೆ ಟ್ವೈನ್‌ನ ವಿವಾಹವಾಯಿತು. ಮೊದಲ ಗಂಡುಮಗು ಎರಡು ವರ್ಷ ತುಂಬುವ ಮುನ್ನವೇ ತೀರಿಕೊಂಡಿತು. ಸೂಸಿ, ಕ್ಲಾರಾ, ಜೀನ್ ಎಂಬ ಮೂವರು ಹೆಣ್ಣುಮಕ್ಕಳೂ ಹುಟ್ಟಿದರು. 1874ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಕುಟುಂಬದ ಸ್ವಂತ ಮನೆ ಸಿದ್ಧವಾಯಿತು. ಬೇಸಿಗೆಯಲ್ಲಿ ಎಲ್ಲರೂ ಎಲ್ಮೈರಾದ ಕ್ವಾರಿ ಫಾರ್ಮ್‌ಗೆ ಹೋಗುತ್ತಿದ್ದರು. ಅದು ಒಲಿವಿಯಾಳ ಅಕ್ಕ ಸೂಸನ್ ಕ್ರೇನ್‌ಳ ತೋಟದ ಮನೆ. ಬೆಟ್ಟದ ಮೇಲೆ ಆಕೆ ಕಟ್ಟಿಸಿಕೊಟ್ಟ ಎಂಟು ಮೂಲೆಯ ಪುಟ್ಟ ಬರವಣಿಗೆಯ ಕೋಣೆಯಲ್ಲಿ ಟ್ವೈನ್‌ನ ಶ್ರೇಷ್ಠ ಕೃತಿಗಳ ಬಹುಭಾಗ ರೂಪುಗೊಂಡಿತು.

ಕ್ವಾರಿ ಫಾರ್ಮ್ ಬೆಕ್ಕುಗಳ ಸಾಮ್ರಾಜ್ಯವೂ ಆಗಿತ್ತು. ಅವುಗಳಿಗೆ ಟ್ವೈನ್ ಇಟ್ಟ ಹೆಸರುಗಳು ಅಪೋಲಿನಾರಿಸ್, ಜೊರಾಸ್ಟರ್, ಬ್ಲಾದರ್‌ಸ್ಕೈಟ್, ಸೌರ್ ಮ್ಯಾಶ್ ಮುಂತಾದವು. ಒಂದು ಖನಿಜಯುಕ್ತ ನೀರಿನ ಹೆಸರಾದರೆ ಇನ್ನೊಂದು ಪಾರಸಿ ಧರ್ಮದ ಪ್ರವಾದಿಯದು. ಮತ್ತೊಂದರ ಅರ್ಥ ವಾಚಾಳಿ ಎಂದು. ಕೊನೆಯದು ಮದ್ಯ ತಯಾರಿಕೆಯಲ್ಲಿ ಬಳಸುವ ಹುಳಿ ಹಿಟ್ಟಿನ ಹೆಸರು. ಮಕ್ಕಳ ನಾಲಗೆಗೆ ಕಠಿಣ ಪದಗಳ ಅಭ್ಯಾಸವಾಗಲಿ ಎಂಬುದು ಇದಕ್ಕೆ ಆತ ಕೊಟ್ಟ ಕಾರಣ.

ಹಿರಿಯ ಮಗಳು ಸೂಸಿ ತನ್ನ ಹದಿಮೂರನೆಯ ವಯಸ್ಸಿನಲ್ಲಿ, 1885ರಲ್ಲಿ, ಯಾರಿಗೂ ಹೇಳದೆ ತಂದೆಯ ಜೀವನಚರಿತ್ರೆ ಬರೆಯಲು ತೊಡಗಿದಳು. ಬೂದು ಬಣ್ಣದ ಮರಿಯೊಂದಕ್ಕೆ ಅಪ್ಪ ಸೋಮಾರಿ ಎಂಬರ್ಥದ ಹೆಸರಿಟ್ಟು ಭುಜದ ಮೇಲೆ ಹೊತ್ತು ತಿರುಗುತ್ತಿದ್ದುದನ್ನು, ಅಪ್ಪನ ಬೂದು ಕೋಟು ಮತ್ತು ಕೂದಲಿಗೆ ಒರಗಿ ಅದು ನಿದ್ರಿಸುತ್ತಿದ್ದ ಚೆಂದವನ್ನು ಆಕೆ ಅದರಲ್ಲಿ ಬರೆದಿಟ್ಟಳು. ಆ ಕಾಗುಣಿತ ತಪ್ಪಿದ ಬರಹವನ್ನು ಟ್ವೈನ್ ಕೊನೆಯವರೆಗೂ ಜೋಪಾನವಾಗಿಟ್ಟುಕೊಂಡಿದ್ದ. ಮುಂದೆ ತನ್ನ ಆತ್ಮಕಥನದಲ್ಲಿ ತಪ್ಪುಗಳನ್ನು ತಿದ್ದದೆ ಸೇರಿಸಿದ.

ಮನೆ ಮುರಿದ ಕಾಲ

ಈ ಸುಖಸಂಸಾರ ಹೆಚ್ಚು ಕಾಲ ಉಳಿಯಲಿಲ್ಲ. ಅಚ್ಚುಮೊಳೆ ಜೋಡಿಸುವ ಯಂತ್ರವೊಂದರ ಮೇಲೆ ಟ್ವೈನ್ ಸುರಿದ ಹಣ ಹಿಂದಿರುಗಲಿಲ್ಲ. ಖರ್ಚು ತೂಗಿಸಲಾಗದೆ 1891ರಲ್ಲಿ ಹಾರ್ಟ್‌ಫರ್ಡ್ ಮನೆಗೆ ಬೀಗ ಹಾಕಿ ಕುಟುಂಬ ಯೂರೋಪಿಗೆ ತೆರಳಿತು. 1894ರಲ್ಲಿ ಆತನ ಪ್ರಕಾಶನ ಸಂಸ್ಥೆ ದಿವಾಳಿಯಾಯಿತು. ಕಾನೂನಿನ ಪ್ರಕಾರ ತೀರಿಸಲೇಬೇಕೆಂಬ ಕಟ್ಟುಪಾಡಿಲ್ಲದಿದ್ದರೂ ಸಾಲಗಾರರಿಗೆ ಪೂರ್ಣ ಹಣ ಹಿಂದಿರುಗಿಸಲು ನಿರ್ಧರಿಸಿ, 1895ರಲ್ಲಿ ಟ್ವೈನ್ ವಿಶ್ವ ಉಪನ್ಯಾಸ ಪ್ರವಾಸ ಹೊರಟ. ಒಲಿವಿಯಾ ಮತ್ತು ಕ್ಲಾರಾ ಜೊತೆಗಿದ್ದರು. ಸೂಸಿ ಮತ್ತು ಜೀನ್ ಅಮೆರಿಕದಲ್ಲೇ ಉಳಿದರು.

ಈ ಪ್ರವಾಸದಲ್ಲೇ ಆತ 1896ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದ. ಎರಡು ತಿಂಗಳಿಗೂ ಹೆಚ್ಚು ಕಾಲ ಕಾಶಿ, ಕೊಲ್ಕತ್ತ, ಡಾರ್ಜಿಲಿಂಗ್ ಮೊದಲಾದೆಡೆ ಸಂಚರಿಸಿದ. ಪ್ರವಾಸ ಮುಗಿಸಿ ಇಂಗ್ಲೆಂಡಿನಲ್ಲಿದ್ದಾಗ ಸೂಸಿಗೆ ಅನಾರೋಗ್ಯವೆಂಬ ಸುದ್ದಿ ಬಂತು. ತಾಯಿ ಮತ್ತು ತಂಗಿ ಹಡಗೇರಿ ಹೊರಟರು. ಅವರು ಇನ್ನೂ ಸಮುದ್ರದ ಮೇಲಿರುವಾಗಲೇ, ಆಗಸ್ಟ್ 18ರಂದು, ಇಪ್ಪತ್ತನಾಲ್ಕರ ಸೂಸಿ ಮಿದುಳುಪೊರೆಯ ಉರಿಯೂತದಿಂದ ಹಾರ್ಟ್‌ಫರ್ಡ್‌ನ ಅದೇ ಹಳೆಯ ಮನೆಯಲ್ಲಿ ಕೊನೆಯುಸಿರೆಳೆದಳು. ತಂದೆಗೆ ಆ ಸುದ್ದಿ ತಲುಪಿದ್ದು ತಂತಿಯ ಮೂಲಕ.

ಸಾಲವೆಲ್ಲ 1898ರಲ್ಲಿ ತೀರಿತು. ಆದರೆ ಆ ಕುಟುಂಬ ಮತ್ತೆಂದೂ ಹಾರ್ಟ್‌ಫರ್ಡ್ ಮನೆಯಲ್ಲಿ ವಾಸಿಸಲಿಲ್ಲ. 1903ರಲ್ಲಿ ಮನೆ ಮಾರಾಟವಾಯಿತು. 1904ರ ಜೂನ್ 5ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಒಲಿವಿಯಾ ತೀರಿಕೊಂಡಳು. ತನ್ನ ಮನೆಯೆಂದು ಕರೆಯುವ ನೆಲೆಯೊಂದಿಲ್ಲದೆ ಅರವತ್ತೆಂಟರ ಟ್ವೈನ್ ನ್ಯೂಯಾರ್ಕಿಗೆ ಹಿಂದಿರುಗಿ, ಫಿಫ್ತ್ ಅವೆನ್ಯೂದಲ್ಲಿ ಬಾಡಿಗೆ ಮನೆ ಹಿಡಿದ.

ಬ್ಯಾಂಬಿನೊ ಕಾಣೆಯಾದಾಗ

ತಾಯಿಯ ಸಾವಿನಿಂದ ಜರ್ಜರಿತಳಾದ ಕ್ಲಾರಾ ಆರೋಗ್ಯಧಾಮವೊಂದರಲ್ಲಿ ಚಿಕಿತ್ಸೆ ಪಡೆಯುತ್ತಿದ್ದಳು. ಅಲ್ಲಿ ಗುಟ್ಟಾಗಿ ಕರಿ ಬೆಕ್ಕಿನ ಮರಿಯೊಂದನ್ನು ಸಾಕಿಕೊಂಡಿದ್ದಳು. ಅದು ಬೆಕ್ಕನ್ನು ಸಹಿಸದ ಇನ್ನೊಬ್ಬ ರೋಗಿಯ ಕೋಣೆಗೆ ನುಗ್ಗಿದ್ದರಿಂದ ಗುಟ್ಟು ರಟ್ಟಾಗಿ, ಮರಿಯನ್ನು ತಂದೆಯ ಬಳಿಗೆ ಕಳುಹಿಸಬೇಕಾಯಿತು. ಅದರ ಹೆಸರು ಬ್ಯಾಂಬಿನೊ, ಅಂದರೆ ಇಟಾಲಿಯನ್ ಭಾಷೆಯಲ್ಲಿ ಮಗು. ಮಗಳಿಗೆ ಆಸರೆಯಾಗಿದ್ದ ಮರಿ ಈಗ ವೃದ್ಧ ತಂದೆಯ ಸಂಗಾತಿಯಾಯಿತು. ಹಾಸಿಗೆಯಲ್ಲಿ ಒರಗಿ ಓದುತ್ತಿದ್ದ ಟ್ವೈನ್‌ನ ಪಕ್ಕದಲ್ಲೇ ಅದರ ವಾಸ. ಚುಟ್ಟಾ ಹಚ್ಚಲು ಇಟ್ಟಿದ್ದ ಪುಟ್ಟ ದೀಪವನ್ನು ಪಂಜದಿಂದ ಆರಿಸಲು ಅದು ಕಲಿತಿತ್ತೆಂದು ಮನೆಯ ಬಹುಕಾಲದ ಸೇವಕಿ ಕೇಟಿ ಲಿಯರಿ ನೆನಪಿಸಿಕೊಂಡಿದ್ದಾಳೆ.

1905ರಲ್ಲಿ ಒಂದು ದಿನ ಬ್ಯಾಂಬಿನೊ ಮನೆಯಿಂದ ಹೊರಬಿದ್ದು ಕಾಣೆಯಾಯಿತು. ಟ್ವೈನ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಹುಡುಕಿಕೊಟ್ಟವರಿಗೆ ಐದು ಡಾಲರ್ ಬಹುಮಾನ. ದಟ್ಟ ಮಖಮಲ್ಲಿನಂತಹ ಕಪ್ಪು ತುಪ್ಪಳ, ಎದೆಯ ಮೇಲೆ ಮಸುಕಾದ ಬಿಳಿ ಕೂದಲಿನ ಅಂಚು, ಸಾಮಾನ್ಯ ಬೆಳಕಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ ಎಂಬ ವರ್ಣನೆ ಅದರಲ್ಲಿತ್ತು. ಜಾಹೀರಾತು ಪ್ರಕಟವಾದದ್ದೇ ತಡ, ಬಗೆಬಗೆಯ ಬೆಕ್ಕುಗಳನ್ನು ಎತ್ತಿಕೊಂಡು ಜನ ಬಾಗಿಲಿಗೆ ಬರತೊಡಗಿದರು. ಅನೇಕರಿಗೆ ಬೇಕಿದ್ದುದು ಬಹುಮಾನವಲ್ಲ, ಮಾರ್ಕ್ ಟ್ವೈನ್‌ನ ದರ್ಶನ. ಕೊನೆಗೆ ಹತ್ತಿರದಲ್ಲೇ ಕೂಗುತ್ತಿದ್ದ ಬ್ಯಾಂಬಿನೊವನ್ನು ಪತ್ತೆಹಚ್ಚಿ ಮನೆಗೆ ತಂದವಳು ಕೇಟಿ. ಅದು ಸಿಕ್ಕಿದ ಮೇಲೂ ಬೆಕ್ಕು ಹಿಡಿದು ಬರುವವರ ಸಾಲು ನಿಂತಿರಲಿಲ್ಲ.

ನಗರದಲ್ಲಿ ಮನೆತಪ್ಪಿದ ಬೆಕ್ಕುಗಳೆಲ್ಲಕ್ಕೂ ಇಂಥ ಭಾಗ್ಯವಿರಲಿಲ್ಲ. ನ್ಯೂಯಾರ್ಕಿನಲ್ಲಿ 1866ರಲ್ಲಿ ಹೆನ್ರಿ ಬರ್ಗ್ ಸ್ಥಾಪಿಸಿದ ಪ್ರಾಣಿದಯಾ ಸಂಘಕ್ಕೆ 1894ರಲ್ಲಿ ಬೀಡಾಡಿ ಪ್ರಾಣಿಗಳ ಹೊಣೆ ಬಂದಿತ್ತು. ವಾರಸುದಾರರು ಬಾರದ ಬಹುಪಾಲು ಪ್ರಾಣಿಗಳಿಗೆ ಅಲ್ಲಿಯೂ ಸಾವೇ ಗತಿ. ನೋವು ಕಡಿಮೆಯಾಗುವಂತೆ ಕೊಲ್ಲುವುದನ್ನೇ ಅಂದಿನವರು ದಯೆ ಎಂದು ತಿಳಿದಿದ್ದರು. ಹ್ಯಾನಿಬಲ್‌ನ ಬಿಸಿನೀರಿನ ಪಾತ್ರೆಯೇ ನಗರದ ಗಾತ್ರಕ್ಕೆ ಬೆಳೆದು ನಿಂತಿತ್ತೆನ್ನಬಹುದು.

ಡಬ್ಲಿನ್‌ನ ಬೇಸಿಗೆ

ಅಂದಿನ ಪ್ರಾಣಿದಯಾ ಸಂಘಗಳನ್ನು ಕಾಡುತ್ತಿದ್ದ ಇನ್ನೊಂದು ಪಿಡುಗು ಬೇಸಿಗೆಯ ವಿಹಾರಿಗಳದು. ಹಳ್ಳಿಗಾಡಿಗೆ ಬಂದ ಸಿರಿವಂತರು ಮಕ್ಕಳ ಆಟಕ್ಕೆಂದು ಮರಿಗಳನ್ನು ಸಾಕಿ, ಚಳಿಗಾಲಕ್ಕೆ ಮುನ್ನ ಮನೆಗೆ ಬೀಗ ಜಡಿದು ಹೊರಡುತ್ತಿದ್ದರು. ಬೇಟೆಯಾಡಲು ಅರಿಯದ, ಮನುಷ್ಯರ ಕೈತುತ್ತಿಗೆ ಹೊಂದಿಕೊಂಡ ಎಳೆ ಬೆಕ್ಕುಗಳು ಹಿಮದಲ್ಲಿ ಸಾಯುತ್ತಿದ್ದವು.

ಡಬ್ಲಿನ್‌ಗೆ ಬಂದ ಟ್ವೈನ್ ಆ ಬೇಸಿಗೆ ವಿಹಾರಿಗಳಲ್ಲಿ ಒಬ್ಬನೇ. ಆದರೆ ಆತ ಅವರ ದಾರಿ ಹಿಡಿಯಲಿಲ್ಲ. ಬಾಡಿಗೆಗೆ ತಂದ ಮೂರು ಮರಿಗಳಲ್ಲಿ ಕಪ್ಪು ಬಿಳುಪಿನದಕ್ಕೆ ಸ್ಯಾಕ್‌ಕ್ಲಾತ್, ಅಂದರೆ ಗೋಣಿಬಟ್ಟೆ, ಎಂದು ಹೆಸರಿಟ್ಟ. ಗುರುತಿಸಲಾಗದಷ್ಟು ಒಂದೇ ತೆರನಾಗಿದ್ದ ಎರಡು ಬೂದು ಮರಿಗಳಿಗೆ ಸೇರಿ ಒಂದೇ ಹೆಸರು, ಆ್ಯಶಸ್, ಅಂದರೆ ಬೂದಿ. ಗೋಣಿಬಟ್ಟೆ ಉಟ್ಟು ಬೂದಿ ಬಳಿದುಕೊಳ್ಳುವುದು ಬೈಬಲಿನಲ್ಲಿ ಶೋಕದ ಸಂಕೇತ. ಹೆಂಡತಿ ತೀರಿ ಎರಡೇ ವರ್ಷವಾಗಿದ್ದ ಮನೆಯಲ್ಲಿ ಕುಣಿದಾಡುವ ಮರಿಗಳಿಗೆ ಇಂಥ ಹೆಸರು.

ಆ ಬೇಸಿಗೆಯಲ್ಲಿ ಟ್ವೈನ್ ಆತ್ಮಕಥನವನ್ನು ಹೇಳಿ ಬರೆಯಿಸುತ್ತಿದ್ದ. ಮರಿಗಳು ವಿಶಾಲ ಜಗಲಿಯ ಮೇಲೆ ಓಡಾಡುತ್ತ, ಚಿಟ್ಟೆ ಮತ್ತು ಮಿಡತೆಗಳ ಬೆನ್ನಟ್ಟಿ ಹುಲ್ಲಿನ ಇಳಿಜಾರಿನಲ್ಲಿ ಉರುಳುತ್ತಿದ್ದವು. ಗುರಿ ತಪ್ಪಿ ಬಿದ್ದು, ಮರುಕ್ಷಣ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುವ ಅವುಗಳ ಠೀವಿಯನ್ನು ನೋಡುವುದೆಂದರೆ ಆತನಿಗೆ ಎಲ್ಲಿಲ್ಲದ ಹಿಗ್ಗು. ಒಮ್ಮೆ ಆತ ಮನೆಯೊಳಗೆ ಕಾಲಿಡುವಷ್ಟರಲ್ಲಿ ಎರಡು ಮರಿಗಳು ಮುಂದೆ ಓಡಿ ಬಾಗಿಲ ಬಳಿ ಕಾದು ನಿಂತವು. ವೃದ್ಧ ಸಾಹಿತಿ ಗಂಭೀರವದನನಾಗಿ ಬಾಗಿಲು ತೆರೆದು, ರಾಜಮನೆತನದವರಿಗೆ ಸಲ್ಲಿಸುವಂತೆ ನಡುಬಗ್ಗಿಸಿ ವಂದಿಸಿ, ಹಿಂದೆ ಸರಿದು ದಾರಿ ಬಿಟ್ಟ. ಮರಿಗಳು ಬಾಲವೆತ್ತಿ ಒಳನಡೆದವು. ಆ ದಿನಗಳಲ್ಲಿ ಜೊತೆಗಿದ್ದ ಪೇನ್ ಇದನ್ನು ಕಣ್ಣಾರೆ ಕಂಡು, 1912ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾನೆ. ಬಾಡಿಗೆಯ ಹಿಂದಿನ ಕಾರಣ ಲೋಕಕ್ಕೆ ತಿಳಿದದ್ದೂ ಆ ಗ್ರಂಥದಿಂದಲೇ.

ಇಂದಿನ ಆಸರೆ ಮನೆಗಳು

ಟ್ವೈನ್ ಮಾಡಿದ ಏರ್ಪಾಡಿಗೆ ಅಂದು ಹೆಸರಿರಲಿಲ್ಲ. ಇಂದು ಜಗತ್ತಿನ ಅನೇಕ ನಗರಗಳಲ್ಲಿ ಅದಕ್ಕೆ ಸಮೀಪದ ಪದ್ಧತಿಯೊಂದು ಬೇರೂರಿದೆ. ಸ್ವಂತ ಕಟ್ಟಡವಿಲ್ಲದ ರಕ್ಷಣಾ ಸಂಸ್ಥೆಗಳು ಬೀದಿಯಿಂದ ಎತ್ತಿ ತಂದ ಬೆಕ್ಕುಗಳನ್ನು ಸ್ವಯಂಸೇವಕರ ಮನೆಗಳಲ್ಲಿ ತಾತ್ಕಾಲಿಕವಾಗಿ ಇರಿಸುತ್ತವೆ. ಇದನ್ನು ಫಾಸ್ಟರ್ ಪದ್ಧತಿ ಎನ್ನುತ್ತಾರೆ. ಆಸರೆ ಕೊಟ್ಟವರು ಒಡೆಯರಲ್ಲ. ಆಹಾರ, ಔಷಧದ ವೆಚ್ಚವನ್ನು ಸಾಮಾನ್ಯವಾಗಿ ಸಂಸ್ಥೆ ಭರಿಸುತ್ತದೆ. ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆಯ ನಂತರ ಬೆಕ್ಕು ಶಾಶ್ವತ ಮನೆಗೆ ದತ್ತು ಹೋಗುತ್ತದೆ.

ಇದರ ಲಾಭ ಹಲವು. ಮರಿಗಳು ಮನುಷ್ಯರಿಗೆ ಹೊಂದಿಕೊಳ್ಳುವ ಮುಖ್ಯ ಅವಧಿ ಎರಡರಿಂದ ಏಳನೆಯ ವಾರದವರೆಗಿನದು. ಆ ದಿನಗಳನ್ನು ಪಂಜರದ ಬದಲು ಮನೆಯಲ್ಲಿ ಕಳೆದ ಮರಿ ಮನೆಯ ಸದ್ದು, ಮಕ್ಕಳ ಓಡಾಟ, ಅಪರಿಚಿತರ ಸ್ಪರ್ಶಕ್ಕೆ ಅಂಜುವುದು ಕಡಿಮೆ. ಕಿಕ್ಕಿರಿದ ಆಶ್ರಯಗಳಲ್ಲಿ ಬೇಗ ಹರಡುವ ಶೀತಜ್ವರದ ಸೋಂಕಿನ ಭಯವೂ ತಗ್ಗುತ್ತದೆ. ಯಾವ ಬೆಕ್ಕು ನಾಯಿಗೆ ಹೆದರುತ್ತದೆ, ಯಾವುದು ಒಂಟಿಯಾಗಿರಬಲ್ಲದು, ಯಾವುದಕ್ಕೆ ಜೊತೆ ಬೇಕು ಎಂಬುದನ್ನು ಆಸರೆ ಮನೆಯವರು ಬಲ್ಲರು. ದತ್ತು ಪಡೆಯುವವರಿಗೆ ಇದಕ್ಕಿಂತ ಉತ್ತಮ ಮಾಹಿತಿ ಬೇರಿಲ್ಲ.

ದತ್ತು ಕೇಳಿ ಬಂದವರಿಗೆ ಇಂಥ ಸಂಸ್ಥೆಗಳು ಹಾಕುವ ಪ್ರಶ್ನೆಗಳು ಕೆಲವರಿಗೆ ಅತಿ ಎನಿಸುತ್ತವೆ. ಮನೆ ಮಾಲೀಕರ ಒಪ್ಪಿಗೆ ಇದೆಯೇ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ವರ್ಗವಾದರೆ ಏನು ಮಾಡುತ್ತೀರಿ ಇತ್ಯಾದಿ. ಸಾಕಲಾಗದಿದ್ದರೆ ಬೀದಿಗೆ ಬಿಡದೆ ತಮಗೇ ಹಿಂದಿರುಗಿಸಬೇಕೆಂಬ ಕರಾರನ್ನೂ ಅನೇಕ ಸಂಸ್ಥೆಗಳು ಬರೆಯಿಸಿಕೊಳ್ಳುತ್ತವೆ. ಈ ಪ್ರಶ್ನೆಗಳೆಲ್ಲದರ ತಿರುಳು ಒಂದೇ. ನೀವು ಹೊರಟು ಹೋದ ಮರುದಿನ ಈ ಜೀವದ ಗತಿಯೇನು? 1906ರಲ್ಲಿ ಟ್ವೈನ್ ತನಗೆ ತಾನೇ ಹಾಕಿಕೊಂಡಿದ್ದ ಪ್ರಶ್ನೆಯೂ ಅದೇ.

ಉತ್ತರವಿಲ್ಲದ ಅಗಲಿಕೆ

ಮರಿಗಳಿಗೆ ಉತ್ತರ ಕಂಡುಕೊಂಡ ತಂದೆಗೆ ಮಗಳ ವಿಷಯದಲ್ಲಿ ಅದು ಸುಲಭವಾಗಿರಲಿಲ್ಲ. ಕಿರಿಯ ಮಗಳು ಜೀನ್ ಅಪಸ್ಮಾರದಿಂದ ನರಳುತ್ತಿದ್ದಳು. ಡಬ್ಲಿನ್‌ನ ಬೇಸಿಗೆ ಮುಗಿದ ಬೆನ್ನಲ್ಲೇ, 1906ರ ಅಕ್ಟೋಬರಿನಲ್ಲಿ, ಆಕೆಯನ್ನು ಆರೋಗ್ಯಧಾಮಕ್ಕೆ ಸೇರಿಸಲಾಯಿತು. ತಂದೆಯ ಮನೆಗೆ ಆಕೆ ಹಿಂದಿರುಗಿದ್ದು ಎರಡೂವರೆ ವರ್ಷದ ನಂತರ, 1909ರ ಏಪ್ರಿಲ್‌ನಲ್ಲಿ.

ಅಷ್ಟರಲ್ಲಿ ಟ್ವೈನ್ ಕನೆಕ್ಟಿಕಟ್‌ನ ರೆಡಿಂಗ್‌ನಲ್ಲಿ ಹೊಸ ಮನೆ ಕಟ್ಟಿಸಿ 1908ರಿಂದ ಅಲ್ಲಿ ವಾಸವಾಗಿದ್ದ. ಟ್ಯಾಮನಿ ಎಂಬ ಬೆಕ್ಕು ಮತ್ತು ಅದರ ಮರಿಗಳು ಅಲ್ಲಿದ್ದವು. ಒಂದು ಮರಿಗೆ ಬಿಲಿಯರ್ಡ್ಸ್ ಮೇಜಿನ ಮೂಲೆಯ ಚೀಲವೇ ಹಾಸಿಗೆ. ಅಲ್ಲಿಂದ ಪಂಜ ಚಾಚಿ ಉರುಳುವ ಚೆಂಡಿನ ದಿಕ್ಕು ತಪ್ಪಿಸುತ್ತಿತ್ತು. ಮರಿಗೆ ಪೆಟ್ಟಾಗುವ ಸಂಭವವಿದ್ದರೆ ಚೆಂಡನ್ನು ಬೇರೆಡೆಗೆ ಸರಿಸಿ ಆಡಬಹುದೆಂಬ ನಿಯಮವನ್ನು ಟ್ವೈನ್ ರೂಪಿಸಿದ್ದ.

ಜೀನ್ ಬಂದ ಮೇಲೆ ಆ ಮನೆಗೆ ಜೀವಕಳೆ ಬಂತು. ತಂದೆಯ ಪತ್ರವ್ಯವಹಾರ ಮತ್ತು ತೋಟದ ಉಸ್ತುವಾರಿ ಆಕೆಯದಾಯಿತು. ಬಾಲ್ಯದಿಂದಲೂ ಪ್ರಾಣಿದಯಾ ಸಂಘಗಳ ಸದಸ್ಯೆಯಾಗಿದ್ದ ಆಕೆ, ಅಮೆರಿಕ ಮತ್ತು ಯೂರೋಪಿನಲ್ಲಿ ಅಂಥ ಸಂಘಗಳ ಸ್ಥಾಪನೆಗೂ ಶ್ರಮಿಸಿದವಳು. ಹ್ಯಾನಿಬಲ್‌ನ ಅಜ್ಜಿಯ ಕರುಣೆ ಮೊಮ್ಮಗಳಲ್ಲಿ ಸಂಘಟಿತ ರೂಪ ತಾಳಿತ್ತು. ಆದರೆ ಈ ಸಹವಾಸ ಉಳಿದದ್ದು ಎಂಟೇ ತಿಂಗಳು. 1909ರ ಡಿಸೆಂಬರ್ 24ರ ಬೆಳಿಗ್ಗೆ ಇಪ್ಪತ್ತೊಂಬತ್ತರ ಜೀನ್ ಸ್ನಾನದ ಕೋಣೆಯಲ್ಲಿ ಶವವಾಗಿ ಪತ್ತೆಯಾದಳು. ಮುಂದಿನ ಮೂರು ದಿನ ಟ್ವೈನ್ ಮಗಳ ಕುರಿತು ಬರೆಯುತ್ತಲೇ ಇದ್ದ. ಜರ್ಮನಿಯಿಂದ ಆಕೆ ತಂದಿದ್ದ ನಾಯಿ ಜೊತೆಗಾರರಿಲ್ಲದೆ ತೋಟದಲ್ಲಿ ಅಲೆಯುತ್ತಿದ್ದುದು ಆತನಿಗೆ ಕಿಟಕಿಯಿಂದ ಕಾಣುತ್ತಿತ್ತು. ಅದನ್ನೂ ಆ ಬರಹದಲ್ಲಿ ಸೇರಿಸಿದ.

ಆನಂತರ ಆತ ಬದುಕಿದ್ದು ನಾಲ್ಕು ತಿಂಗಳಿಗಿಂತ ಕಡಿಮೆ. ಹ್ಯಾಲಿ ಧೂಮಕೇತುವಿನೊಂದಿಗೆ ಬಂದವನು ಅದರೊಂದಿಗೇ ಹೋಗುವೆನೆಂದು ಮೊದಲೇ ನಿರೀಕ್ಷಿಸಿದ್ದ ಟ್ವೈನ್, ಧೂಮಕೇತು ಸೂರ್ಯನಿಗೆ ಅತ್ಯಂತ ಸಮೀಪ ಬಂದ ಮರುದಿನ, 1910ರ ಏಪ್ರಿಲ್ 21ರಂದು ನಿಧನನಾದ. ಬದುಕುಳಿದಿದ್ದ ಏಕೈಕ ಸಂತಾನ ಕ್ಲಾರಾ ಬಳಿಯಲ್ಲಿದ್ದಳು.

ಹಾರ್ಟ್‌ಫರ್ಡ್ ಮನೆ ಇಂದು ವಸ್ತುಸಂಗ್ರಹಾಲಯ. ಎಂಟು ಮೂಲೆಯ ಬರವಣಿಗೆಯ ಕೋಣೆಯನ್ನು 1952ರಲ್ಲಿ ಎಲ್ಮೈರಾ ಕಾಲೇಜಿನ ಆವರಣಕ್ಕೆ ಸಾಗಿಸಿ ಕಾಪಾಡಲಾಗಿದೆ. ಡಬ್ಲಿನ್‌ನ ಮೂರು ಮರಿಗಳಿಗೆ ಸ್ಮಾರಕವಿಲ್ಲ. ಆದರೆ ಬೇಸಿಗೆ ಮುಗಿದು ಆ ಮನೆಯ ಬಾಗಿಲು ಮುಚ್ಚಿದಾಗ ಅವು ಹೊಸ್ತಿಲಲ್ಲಿ ಅನಾಥವಾಗಿ ಉಳಿಯಬೇಕಾಗಿರಲಿಲ್ಲ. ಅವುಗಳ ಚಳಿಗಾಲದ ತುತ್ತಿಗೆ ಮುಂಚಿತವಾಗಿಯೇ ಹಣ ಸಂದಾಯವಾಗಿತ್ತು.